ಅಮಾಸಿ ದಿನಾ ಬಂದ ಮೇಲು

ನಮ್ಮ ಸಾಹುಕಾರ್ರು ಭಾಳ ಶಾಣ್ಯಾರು. ಇದು ನಾ ಹೇಳೂ ಮಾತಲ್ಲ, ದಿನಾ ಮುಂಜಾನೆ ಎದ್ದು ಅವರ ಹೇಳ್ತಾರ. ಬನಹಟ್ಟಿ ಪ್ಯಾಟ್ಯಾಗ ಮಗ್ಗ ಇಟ್ಟು ಸೀರಿ ಹೋಲ್‌ಸೇಲ್ ಮಾಡಾವ್ರು ಬೇಕಾದಷ್ಟು ಮಂದಿ ಅದಾರ, ಆದ್ರ ಬಂದ ಮೇಲ್ ಓದಿ, ಆರಿಸಿ, ಲೇಬಲ್ ಹಚ್ಚಾಕ ಎಐ ಇಟ್ಟಾವ್ರು ತಾವೊಬ್ಬರ ಅಂತ. ಜಮಖಂಡಿಗೆ ಲಗ್ನಕ್ಕ ಹೋದ್ರೂ ಅದ ಮಾತು, ಮುಧೋಳಕ್ಕ ಮಣ್ಣಿಗೆ ಹೋದ್ರೂ ಅದ ಮಾತು. ಹೋದ ವರ್ಷ ಮುಧೋಳದಾಗ ಇವರ ಸ್ವಾದರಮಾವ ತೀರಿಕೊಂಡಾಗ ಹೆಣದ ಮುಂದ ಕುಂತಿದ್ವಿ. ಭಜನಿ ನಡದಿತ್ತು. ಇವರ ಕಿಸೇದಾಗಿನ ಫೋನು ಹೆಣ್ಣ ದನೀಲೆ, 'ಸಾಹುಕಾರ್ರ, ಸನ್ಮಾನ ಬಂದೈತಿ' ಅಂತು. ಫೋನ್ ಬಂದ್ ಮಾಡಬೇಕೋ ಬ್ಯಾಡೋ? ಮಾಡಲಿಲ್ಲ. ಬಾಜೂಕ ಕುಂತಾವಗ ತಗದು ತೋರಿಸಿದ್ರು. 'ನೋಡ್ರಿ, ಯಾವದೋ ಸಂಘದವರು ನನಗ ಶಾಲು ಹೊದಸ್ತಾರಂತ. ಇದು ತಾನ ಓದಿ, ತಾನ ಲೇಬಲ್ ಹಚ್ಚಿ, ತಾನ ಬಾಯಿಬಿಟ್ಟ ಹೇಳ್ತೈತಿ.' ನಾ ಸೆರಗು ಬಾಯಾಗ ತುರುಕ್ಕೊಂಡು ಕುಂತೆ. ಮಂದಿ ನಾ ಅಳಾಕತ್ತೇನಿ ಅಂತ ತಿಳಕೊಂಡ್ರು.

ನನ್ನ ಹೆಸರು ಮಧುಮತಿ, ಇವರ ಹೆಸರು ಗೌರೀಶ. ಲಗ್ನ ಆಗಿ ಹದಿನಾಲ್ಕು ವರ್ಷ ಆತು, ಮಕ್ಕಳಿಲ್ಲ. ಮೊದಲ ಹೇಳಿಬಿಟ್ಟೆ, ಯಾಕಂದ್ರ ನಮ್ಮ ಕಡೆ ಮಂದಿ ಅದನ್ನ ಕೇಳದ ಮುಂದಿನ ಮಾತಾಡಂಗಿಲ್ಲ. ಮೀರಜದ ಡಾಕ್ಟರು ಮುಗದ್ರು, ಬೆಳಗಾವಿ ಡಾಕ್ಟರು ಮುಗದ್ರು, ಹರಕಿ ಹೊತ್ತು ಹೊತ್ತು ನನ್ನ ಮೊಣಕಾಲ ಚಿಪ್ಪ ಸವದೂವು. ಕಡೀಕೆ ನಾನ ಹಟಾ ಹಿಡದು ಸರಕಾರದ ದತ್ತಕದ ಆಫೀಸಿಗೆ ಅರ್ಜಿ ಹಾಕಿಸಿದೆ. ಇವರು ಒಪ್ಪಿದ್ರು ಅನ್ನೂದಕಿಂತ ನನ್ನ ಬಾಯಿಗೆ ಸೋತ್ರು ಅನ್ನಬೇಕು.

ಬಾಗಲಕೋಟಿಯಿಂದ ಮೃಣಾಲಿನಿ ಮೇಡಂ ಅಂತ ಒಬ್ಬರು ಬಂದ್ರು. ಮನಿ ನೋಡಿದ್ರು, ನೀರಿನ ಟಾಕಿಗೆ ಮುಚ್ಚಳಿ ಐತೋ ಇಲ್ಲೋ ಅನ್ನೂದ ಸೈತ ನೋಡಿದ್ರು. ನಮ್ಮಿಬ್ಬರನ್ನೂ ಬ್ಯಾರೆ ಬ್ಯಾರೆ ಕುಂಡ್ರಿಸಿ ಮಾತಾಡಿಸಿದ್ರು. ಹೋಗೂ ಮುಂದ ನನ್ನ ಫೋನ್ ನಂಬರ್ ಬರಕೊಂಡು, 'ಭಾಳ ವರ್ಷ ಕಾಯಬೇಕಾಗ್ತದರೀ ಮಧುಮತಿಯವರ,' ಅಂದ್ರು. 'ನಿಮ್ಮ ಸರದಿ ಬಂದಾಗ ಕೂಸಿನ ಫೋಟೋ ಇಮೇಲಿಗೆ ಬರ್ತದ. ಎರಡು ದಿನದಾಗ ಹೂಂ ಅನ್ನಬೇಕು. ಅನ್ನಲಿಲ್ಲಂದ್ರ ಕೂಸು ಮುಂದಿನವರ ಪಾಲಿಗೆ ಹೋಗ್ತದ. ಮೇಲ್ ನೋಡೂದು ಮಾತ್ರ ತಪ್ಪಸಬ್ಯಾಡ್ರಿ.'

ನಮ್ಮ ಮನ್ಯಾಗ ಎಲ್ಲಾರಿಗೂ ಸೇರಿ ಇರೂದು ಒಂದ ಇಮೇಲು, ಅಂಗಡಿದು. ನಾದಿನಿ ಲಗ್ನದ ವೆಬ್‌ಸೈಟಿಗೂ ಅದ, ಮಾವನ ಕಣ್ಣಿನ ಆಪರೇಶನ್ನಿಗೂ ಅದ, ಗ್ಯಾಸ್ ಸಿಲಿಂಡರಿಗೂ ಅದ. ಅರ್ಜಿ ಮ್ಯಾಲೂ ಇವರು ಅದನ್ನ ಬರದ್ರು. ಫೋನ್ ನಂಬರು ಸೈತ ಅಂಗಡಿ ಮುನೀಮಂದು. ಅಂದ್ರ ನನ್ನ ಕೂಸು ಬರಬೇಕಾದ ದಾರಿ ಯಾವದು? ಇಚಲಕರಂಜಿ ನೂಲಿನ ರೇಟು, ಸೊಲ್ಲಾಪುರದ ಸೀರಿ ಆರ್ಡರು, ಕೂದಲ ಬೆಳಿಯೋ ಎಣ್ಣಿ ಜಾಹೀರಾತು, ಇವುಗಳ ನಡುವ ಹಾದು ಬರಬೇಕು.

ಆಗ ಮೇಲ್ ನೋಡಾವ ಮುನೀಮ ಅಪ್ಪಾಸಾಬ. ಅಂವೇನು ಬ್ರಹಸ್ಪತಿ ಅಲ್ಲ. ಬಂದದ್ದೆಲ್ಲಾ ಪ್ರಿಂಟ್ ತಗದು ಇವರ ಗಾದಿ ಮ್ಯಾಲೆ ಇಡಾವ. ಲಂಡನ್ನಿನ್ಯಾಗ ನಿಮಗ ಲಾಟರಿ ಹತ್ತೈತಿ ಅಂತ ಬಂದ ಮೇಲನ್ನೂ ಪ್ರಿಂಟ್ ತಗದು, ತಾನು ಮುಂಚೆ ಕೈ ಮುಗದು, ಪೇಡೆ ಕೇಳಿದ ಶಾಣ್ಯಾ ಅಂವ. ಆದ್ರ ಕಾಗದ ಕಣ್ಣಿಗೆ ಬೀಳ್ತಿದ್ದವು.

ಈಗ ಅಮಾಸಿ ಮಾತು. ನಮ್ಮ ಓಣ್ಯಾಗ ಅಮಾಸಿ ಅಂದ್ರ ಮಗ್ಗ ಬಂದ್. ಉಳಿದ ದಿನಾ ಮಗ್ಗದ ಖಟಾಪಟಾ ಸಪ್ಪಳದಾಗ ಗಂಡ ಹೆಂಡತಿ ಜಗಳಾನೂ ಒದರಿ ಆಡಬೇಕು, ಅವತ್ತ ಮಾತ್ರ ಬಾಜೂ ಮನಿಯಾವ್ರು ಉಂಡ ತೇಗೂದೂ ಕೇಳ್ತೈತಿ. ಇವರಂತೂ ಅವತ್ತ ಹೊಸಾದೊಂದು ಹೊಸ್ತಲಾ ದಾಟಿಸಂಗಿಲ್ಲ, ಯಾರಿಗೂ ಮಾತ ಕೊಡಂಗಿಲ್ಲ, ಬಂದ ಕಾಗದ ಒಡಿಯಂಗಿಲ್ಲ. ಅಪ್ಪಾಸಾಬ ಅವತ್ತಿನ ಮೇಲ್ ಎಲ್ಲಾ ಪ್ರಿಂಟ್ ತಗದು ದೇವರ ಜಗಲಿ ಬಾಜೂಕ ಡಬ್ಬ ಹಾಕಿ ಇಡತಿದ್ದ. ಮರುದಿನಾ ಪಾಡ್ಯಾಕ್ಕ ಊದಿನಕಡ್ಡಿ ಬೆಳಗಿದ ಮ್ಯಾಲೆ ಇವರ ಕೈಯಾಗ ಕೊಡತಿದ್ದ. ಅದನ್ನ ಅವಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಹೇಳೂದೇನೈತಿ ಅದರಾಗ? ಅಮಾಸಿದು ಪಾಡ್ಯಾಕ್ಕ ನೋಡೂದು. ಇಡೀ ಪ್ಯಾಟಿ ಹಂಗ ನಡೀತೈತಿ.

ನನ್ನ ನೋಡಾಕ ಬಂದಾಗ ನಮ್ಮತ್ತಿ ತಂಗೆವ್ವ ಕೇಳಿದ ಮೊದಲನೇ ಮಾತು ಅಡಗೀದಲ್ಲ, ಸಾಲೀದಲ್ಲ. 'ಹುಡಿಗಿ ಅಮಾಸ್ಯಾಗ ಹುಟ್ಟಿಲ್ಲಲ್ಲಾ?' ಅಂದ್ಲು. ನಮ್ಮವ್ವ ಚಹಾದ ತಾಟು ಹಿಡಕೊಂಡು ನಿಂತಾಕಿ, 'ಪಾಡ್ಯಾರೀ, ಪಾಡ್ಯಾ, ಹೊತ್ತ ಹುಟ್ಟೂ ಮುಂದ' ಅಂತ ಲಗೂನ ಹೇಳಿ, ಅವಲಕ್ಕಿ ತರಾಕ ಒಳಗ ಹೋದ್ಲು. ನಮ್ಮತ್ತಿ ಈಗಿಲ್ಲ. ಆಕಿ ಅಮಾಸಿ ಮಾತ್ರ ಮಗನ ತಲ್ಯಾಗ ಘಟ್ಟಿ ಕುಂತೈತಿ.

ಅಪ್ಪಾಸಾಬಗ ವಯಸ್ಸಾತು, ಮಗಳ ಊರಿಗೆ ಹೋದ. ಅವನ ಕಡೆ ಇದ್ದ ಫೋನ್ ನಂಬರನ್ನ ಸುಮ್ಮನ ಖರ್ಚು ಅಂತ ಇವರು ಬಂದ್ ಮಾಡಿಸಿದ್ರು. ಆಗ ಜಮಖಂಡಿಯಿಂದ ಇಳದ ಬಂದ ನೋಡ್ರಿ ಎಐ ಮಾರೂ ವೇದವ್ಯಾಸ. ಕೊರಳಾಗೊಂದು ಹೆಡ್‌ಫೋನು, ಬೂಟು ಬಿಚ್ಚದ ಗಾದಿ ತನಕಾ ಬಂದ ಭೂಪ. 'ಬೀಳಗ್ಯಾಗ ಗೊಬ್ಬರದ ಅಂಗಡಿಗೆ ಹಾಕೇನ್ರಿ, ಮುಧೋಳದಾಗ ಟ್ರ್ಯಾಕ್ಟರ್ ಶೋರೂಮಿಗೆ ಹಾಕೇನ್ರಿ. ಇದು ಬರೇ ಕಂಪ್ಯೂಟರ್ ಅಲ್ರಿ ಸಾಹುಕಾರ್ರ, ಇದಕ್ಕ ತಿಳುವಳಿಕಿ ಅದ. ನೀವು ನಿಮ್ಮ ಭಾಷಾದಾಗ, ಆಳಿಗೆ ಹೇಳಿದಂಗ ಹೇಳ್ರಿ. ಒಮ್ಮೆ ಹೇಳಿದ್ರ ಮರಿಯೂದಿಲ್ಲ, ಎದುರ ಮಾತಾಡೂದಿಲ್ಲ.'

ಎದುರ ಮಾತಾಡೂದಿಲ್ಲ ಅಂದಕೂಡ್ಲೆ ಇವರ ಮಾರಿ ಅರಳಿತು. ನನ್ನ ಕಡೆ ಒಮ್ಮೆ ನೋಡಿ, ಕಾಲ ಮ್ಯಾಲೆ ಕಾಲ ಹಾಕಿ, ಹೇಳಾಕ ಸುರು ಮಾಡಿದ್ರು. ಆರ್ಡರ್ ಬಂದ್ರ ಹಳದಿ ಲೇಬಲ್. ಚಂದಾ ಕೇಳಾವ್ರು ಬಂದ್ರ ಕಸ. ಸನ್ಮಾನ, ಶಾಲು, ಅಧ್ಯಕ್ಷತೆ ಅಂತ ಏನರ ಇದ್ರ ನಕ್ಷತ್ರ ಹಚ್ಚಿ ಬಾಯಿಬಿಟ್ಟ ಹೇಳಬೇಕು. ವೇದವ್ಯಾಸ ಕಟಕಟ ಒತ್ತಾಕತ್ತಿದ್ದ. ನಾ ಚಹಾ ಕೊಡಾಕ ಬಂದಾಕಿ ಅಲ್ಲೇ ನಿಂತೆ. 'ನನ್ನ ಕೂಸಿನ ಮೇಲ್ ಬಂದ್ರ?' ಅಂದೆ.

'ಅದನ್ನ ಮರೀತೇನೇನು?' ಅಂದ್ರು. 'ಬರಕೋಪಾ. ದತ್ತಕದ ಆಫೀಸಿನಿಂದ ಏನ ಬಂದ್ರೂ ಕೆಂಪ ಲೇಬಲ್. ಲೇಬಲ್ಲಿನ ಹೆಸರು ಕೂಸು. ಎಲ್ಲಾದಕ್ಕಿಂತ ಮ್ಯಾಲೆ ಇಡಬೇಕು, ಬಂದ ಗಳಿಗಿಗೆ ಹೇಳಬೇಕು.'

ಖರೇ ಹೇಳ್ತೇನಿ, ಆ ಗಳಿಗಿಗೆ ಈ ಮನಶ್ಯಾನ ಮ್ಯಾಲೆ ನನಗ ಎಲ್ಲಿಲ್ಲದ ಮಾಯೆ ಬಂತು. ಇಷ್ಟು ವರ್ಷ ಹೂಂ ಹೂಂ ಅಂದದ್ದು ನನ್ನ ಬಾಯಿ ಮುಚ್ಚಸಾಕಲ್ಲ, ಇವರಿಗೂ ಆಸೆ ಐತಿ ಅಂತ ಅನಿಸ್ತು. ಕಣ್ಣಾಗ ನೀರ ಬಂತು. ಆ ಬೂಟಿನ ಭೂಪಗೂ ಇನ್ನೊಂದು ಕಪ್ ಚಹಾ ಹಾಕಿಕೊಟ್ಟೆ.

ಎಲ್ಲಾ ಮುಗದು ವೇದವ್ಯಾಸ ಏಳಾಕತ್ತಾಗ ಇವರಿಗೆ ನೆನಪಾತು. 'ಏ, ತಡೀ. ಭಾಳ ಮುಖ್ಯದ್ದು ಉಳೀತು. ಅಮಾಸಿ ದಿನಾ ಬಂದದ್ದು ಯಾವದೂ ನನಗ ತೋರಿಸಬಾರದು. ಯಾವ ಕಾರಣಕ್ಕೂ ತೋರಿಸಬಾರದು. ಇದು ಎಲ್ಲಾದಕ್ಕಿಂತ ದೊಡ್ಡ ಮಾತು ಅಂತ ಬರಿ.' ಅಂವ ಬರದ. ಪಂಚಾಂಗನೂ ಅದಕ್ಕ ತುಂಬಿಕೊಟ್ಟ, ಇನ್ನ ಹತ್ತ ವರ್ಷದ್ದು. ಪಾಡ್ಯಾಕ್ಕ ತೋರಿಸು ಅಂತ ಇವರು ಹೇಳಲಿಲ್ಲ, ಅಂವ ಕೇಳಲಿಲ್ಲ, ನಾನೂ ಅನ್ನಲಿಲ್ಲ. ಅಮಾಸಿ ಮುಂದ ಪಾಡ್ಯಾ ಇರ್ತೈತಿ ಅನ್ನೂದು ನಮಗ ಉಸರ ಆಡಿದಂಗ. ಅದನ್ನ ಯಾರರ ಬಾಯಿಬಿಟ್ಟ ಹೇಳ್ತಾರೇನು?

ಅವತ್ತಿನಿಂದ ಸುರು ಆತು ಡೌಲು. ಊಟದ ತಾಟಿನ ಬಾಜೂಕ ಫೋನ್ ಇಟಗೊಂಡು ಕುಂಡ್ರತಿದ್ರು. 'ಸಾಹುಕಾರ್ರ, ಆರ್ಡರ್ ಬಂದೈತಿ' ಅಂದ್ರ ಹೂಂ ಅನ್ನೂದು, 'ಸಾಹುಕಾರ್ರ, ಸನ್ಮಾನ ಬಂದೈತಿ' ಅಂದ್ರ ಮೀಸಿ ಮ್ಯಾಲೆ ಕೈ ಹಾಕೂದು. ಸನ್ಮಾನ ಅಂದ್ರೇನ್ರಿ, ಇವರ ಕೊಟ್ಟ ಚಂದಾದಾಗ ಇವರಿಗೇ ಶಾಲು ತಂದು ಹೊದಸೂದು. ಚಂದಾ ಕೇಳಾವ್ರನ್ನ ಕಸಕ್ಕ ಹಾಕಿದ ಮಷೀನು, ಅದ ಮಂದಿ ಸನ್ಮಾನ ಅಂತ ಬರದು ಕಳಿಸಿದ್ರ ನಕ್ಷತ್ರ ಹಚ್ಚತಿತ್ತು. ತಿಳುವಳಿಕಿ ಅಂದ್ರ ಇದ ನೋಡ್ರಿ. ಇಂಥಾದ್ದನ್ನ ಶಾಣ್ಯಾ ಅನ್ನಾಕ ಇಂಥವರ ಬೇಕು.

ಅಮಾಸಿ ಮೇಲ್ ಮಾಯ ಆಗೂದು ಯಾರಿಗೂ ಗೊತ್ತಾಗಲಿಲ್ಲ. ಯಾಕಂದ್ರ ಪ್ಯಾಟಿ ಮಂದಿ ಅಮಾಸಿಗೆ ಆರ್ಡರ್ ಕಳಸಂಗಿಲ್ಲ, ಕಳಿಸಿದ್ರೂ ಪಾಡ್ಯಾಕ್ಕ ಫೋನ್ ಹಚ್ಚತಾರ. ಸರಕಾರದ ಆಫೀಸಿನ ಕಂಪ್ಯೂಟರಿಗೆ ಅಮಾಸಿಯೇನು, ಹುಣ್ಣಿಮಿಯೇನು?

ನಾ ಸೋಮಾರಕ್ಕೊಮ್ಮೆ ಕೇಳತಿದ್ದೆ, 'ಬಂತೇನ್ರಿ?' ಮೊದಮೊದಲ ನೆಟ್ಟಗ ಹೇಳತಿದ್ರು. ಆಮ್ಯಾಲೆ ಫೋನಿನಿಂದ ಕಣ್ಣ ಎತ್ತದ, 'ಬಂದ್ರ ತಾನ ಹೇಳ್ತೈತಿ. ನಿನ್ನಂಗ ಒದರೂದಿಲ್ಲ ಅದು' ಅಂತಿದ್ರು. ನಾನ ನೋಡ್ತೇನಿ ಕೊಡ್ರಿ ಅಂದ್ರ, 'ನಿನಗೇನ್ ತಿಳೀತೈತಿ ಅದರಾಗ, ಏನರ ಒತ್ತಿ ಕೆಡಸೀ' ಅಂತಿದ್ರು. ಹಾದ್ಯಾಗ ಹೋಗಾವ್ರಿಗೆಲ್ಲಾ ತೋರಿಸೋ ಫೋನು, ಹೆಂಡತಿ ಮುಟ್ಟಿದ್ರ ಕೆಡತೈತಿ. ನಾ ಅಟ್ಟದ ಮ್ಯಾಲಿನ ಒಂದು ಪೆಟಗಿ ತುಂಬ ಹಳೇ ಕಾಟನ್ ಸೀರಿ ಒಗದು ಒಗದು ಮೆತ್ತಗ ಮಾಡಿ ಮಡಿಚಿಟ್ಟಿದ್ದೆ, ಕೂಸಿಗೆ ಹಾಸಾಕ. ಅದನ್ನೂ ನೋಡಿ ನಗತಿದ್ರು.

ಶ್ರಾವಣ ಹಿಡಿಯೂ ಮುಂದಿನ ಅಮಾಸಿ. ಮಗ್ಗ ಬಂದ್, ಓಣಿ ಸುಮ್ಮ. ನಾ ಕಡಬ ಮಾಡಿದ್ದೆ. ಇವರು ಆರ ಕಡಬ ತುಪ್ಪದಾಗ ಅದ್ದಿ ತಿಂದು, ಫೋನ್ ಕಪಾಟಿನಾಗ ಇಟ್ಟು, ಗೊರಕಿ ಹೊಡದು ಮಲಗಿದ್ರು. ನಾ ಕಟ್ಟಿ ಮ್ಯಾಲೆ ಕುಂತು ಹುಣಸಿಹಣ್ಣಿನ ಬೀಜಾ ಬಿಡಿಸಿದೆ. ಅವತ್ತಿನ ದಿನಾ ನಮ್ಮ ಮನ್ಯಾಗ ಆದದ್ದು ಇಷ್ಟ.

ಅದಾಗಿ ಒಂದು ವಾರ ಕಳದಿರಬೇಕು. ನಾ ರೊಟ್ಟಿ ಬಡ್ಯಾಕತ್ತಿದ್ದೆ, ಫೋನ್ ಬಂತು. ಮೃಣಾಲಿನಿ ಮೇಡಂ. ಅವರ ದನಿ ಕೇಳಿ ನಾ ಹಂಚ ಬಿಟ್ಟು ಎದ್ದು ನಿಂತೆ.

'ಮಧುಮತಿಯವರ, ನಾ ರಜಾದಾಗಿದ್ದೆ, ಇವತ್ತ ನೋಡಿದೆ,' ಅಂದ್ರು. 'ಯಾಕ್ರೀ? ಕೂಸು ಬ್ಯಾಡಾತೇನು?'

'ಯಾವ ಕೂಸ್ರಿ?' ಅಂದೆ.

ಮೇಡಂ ಸಾವಕಾಶ ಹೇಳಿದ್ರು. 'ಫೋಟೋ ಬಂದಿತ್ತಲ್ರೀ. ಹೆಣ್ಣು ಕೂಸು, ಏಳು ತಿಂಗಳದ್ದು. ಎರಡು ದಿನ ಕಾದ್ರು, ನೀವು ಏನೂ ಹೇಳಲಿಲ್ಲ. ಮುಂದಿನವರು ಹೂಂ ಅಂದಾರ. ಅದು ಆಗಿಹೋತ್ರೀ, ಈಗ ಹಿಂದ ತರಾಕ ಬರೂದಿಲ್ಲ. ನಿಮ್ಮ ಹೆಸರು ಇನ್ನೂ ಸರದ್ಯಾಗ ಉಳದದ, ಧೈರ್ಯ ಬಿಡಬ್ಯಾಡ್ರಿ.'

ಹಿಟ್ಟಿನ ಕೈಲೇ ಆಟೋ ಹತ್ತಿದೆ. ಚಪ್ಪಲಿ ಹಾಕ್ಕೊಂಡಿದ್ನೋ ಇಲ್ಲೋ ನೆನಪಿಲ್ಲ. ಅಂಗಡ್ಯಾಗ ಗಿರಾಕಿ ಇರಲಿಲ್ಲ. ಇವರು ಗಾದಿ ಮ್ಯಾಲೆ ಒರಗಿದ್ರು, ಫೋನು ಎದಿ ಮ್ಯಾಲೆ.

'ನನ್ನ ಕೂಸಿನ ಮೇಲ್ ಎಲ್ಲೈತಿ?' ಅಂದೆ.

'ಬಂದಿಲ್ಲ. ಬಂದಿದ್ರ ಕೆಂಪ ಲೇಬಲ್...'

'ಬಂದು ಹೋಗೇತಿ. ತಗೀರಿ.'

ಇವರು ಮ್ಯಾಲೆ ಕೆಳಗ ಮಾಡಿ ನೋಡಿದ್ರು, ಸಿಗಲಿಲ್ಲ. ವೇದವ್ಯಾಸಗ ಫೋನ್ ಹಚ್ಚಿ ಅವನ ದನಿ ನನಗೂ ಕೇಳೂವಂಗ ಇಟ್ರು. ಅಂವ ಎಲ್ಲಿ ಒತ್ತಬೇಕು ಹೇಳಿದ. ಇವರ ಬೆರಳಿಗೆ ಹುಡಿಕ್ಯಾಡಾಕ ಬರಲಿಲ್ಲ, ನಾನ ಫೋನ್ ಕಸಗೊಂಡು ಒತ್ತಿದೆ. ಏನೂ ಕೆಡಲಿಲ್ಲ. ಬಂತು.

ಹಳದಿ ಅಂಗಿ ಹಾಕಿದ ಕೂಸು. ಒಂದು ಮುಷ್ಟಿ ಪೂರಾ ಬಾಯಾಗ ಇಟ್ಟುಕೊಂಡು, ಫೋಟೋ ತಗದಾವ್ರನ್ನ ಏನೋ ಕೇಳೂವಂಗ ನೋಡಾಕತ್ತಿತ್ತು. ಹೆಸರು ಸೌಂದರ್ಯಾ. ಕೂಸಿನ ಮಾರಿ ಮ್ಯಾಲೆ ಎರಡು ಲೇಬಲ್ ಹಚ್ಚಿತ್ತು ಮಷೀನು. ಒಂದು ಕೆಂಪಂದು: ಕೂಸು, ಎಲ್ಲಾದಕ್ಕಿಂತ ಮ್ಯಾಲೆ. ಇನ್ನೊಂದು ಕರೇದು: ಅಮಾಸಿ, ಯಾವ ಕಾರಣಕ್ಕೂ ತೋರಿಸಬಾರದು.

ಅಂದ್ರ ಅದಕ್ಕ ಗೊತ್ತಾಗಿತ್ತು. ಇದು ನನ್ನ ಕೂಸು ಅಂತ ಓದಿ, ತಿಳಕೊಂಡು, ಕೆಂಪು ಹಚ್ಚಿ, ಆಮ್ಯಾಲೆ ಸಾಹುಕಾರ್ರ ಹುಕುಮಿನಂಗ ಮುಚ್ಚಿಟ್ಟಿತ್ತು.

'ಮಷೀನ್ ತಪ್ಪ ಮಾಡಿಲ್ಲಲ್ರೀ,' ಅಂದ ವೇದವ್ಯಾಸ ಫೋನಿನ್ಯಾಗ. 'ಎರಡು ನಿಯಮ ಎದುರಾ ಬದರಾ ಬಂದಾವ, ಅದು ದೊಡ್ಡ ನಿಯಮ ಪಾಲಿಸೇದ. ಭಾಳ ಪರ್ಫೆಕ್ಟ್ ಆಗೇದ ಖರೇ ಅಂದ್ರ.'

'ನಿನ್ನ ಪರ್ಫೆಕ್ಟಿನ ಬಾಯಾಗ ಮಣ್ಣ ಹಾಕ,' ಅಂದೆ. ಫೋನ್ ಇಟ್ಟ.

ಇವರು ಭಾಳ ಹೊತ್ತು ಆ ಫೋಟೋ ನೋಡಿದ್ರು. ಅಳ್ತಾರೇನೋ ಅಂದ್ಕೊಂಡೆ. ಅತ್ತಿದ್ರ ಎಲ್ಲಾ ಅಲ್ಲೇ ಬಿಟ್ಟುಬಿಡತಿದ್ದೆ, ಬಾಜೂಕ ಕುಂತು ನಾನೂ ಅಳತಿದ್ದೆ. ಇವರು ಗಂಟಲಾ ಸರಿ ಮಾಡ್ಕೊಂಡು ಅಂದ್ರು, 'ಹೋಗ್ಲಿ ಬಿಡ ಮಧು. ಅಮಾಸಿ ದಿನಾ ಬಂದ ಕೂಸು. ಒಂದ ಲೆಕ್ಕಕ್ಕ ಛಲೋನ ಆತು.'

ಯಪ್ಪಾ ದೇವರೇ! ನಾ ಸುಮ್ಮನ ಆ ಮಷೀನಿಗೆ ಶಾಪಾ ಹಾಕೇನಿ ಅನಿಸ್ತು. ಅದಕ್ಕ ಕೆಂಪ ಲೇಬಲ್ ಹಚ್ಚೂವಷ್ಟರ ಬುದ್ಧಿ ಇತ್ತು.

'ಏನಂದ್ರಿ? ಇನ್ನೊಮ್ಮೆ ಅನ್ರಿ.'

'ಅಲ್ಲ, ಅಮಾಸಿದು ಅಂದ್ರ ಮನಿಗೆ...'

'ಮನಿಗೆ ಏನಾಗ್ತಿತ್ತು? ಹೇಳ್ರಿ. ಏಳ ತಿಂಗಳ ಕೂಸು ನಿಮ್ಮನ್ನ ಏನ್ ಮಾಡತಿತ್ತು?' ಮಗ್ಗದ ಸಪ್ಪಳದ ಮ್ಯಾಲೆ ನನ್ನ ದನಿ ಎದ್ದಿತ್ತು. 'ಕೇಳ್ರಿ ಇಲ್ಲೆ. ನಾ ಹುಟ್ಟಿದ್ದು ಅಮಾಸ್ಯಾಗ. ಪಾಡ್ಯಾ ಅಲ್ಲ. ನಿಮ್ಮವ್ವಗ ಅಂಜಿ ನಮ್ಮವ್ವ ಸುಳ್ಳ ಹೇಳಿದ್ಲು. ಬೀಳಗ್ಯಾಗ ಇನ್ನೂ ಜೀವಂತ ಅದಾಳ, ಹಚ್ರಿ ಫೋನು, ಕೇಳ್ರಿ. ಹದಿನಾಲ್ಕು ವರ್ಷ ಅಮಾಸ್ಯಾಗ ಹುಟ್ಟಿದಾಕಿ ಕೈಯಾಗಿನ ರೊಟ್ಟಿ ತಿಂದೀರಿ. ನಾಕ ಮಗ್ಗ ಇದ್ದೂವು, ನಲವತ್ತ ಆಗ್ಯಾವು. ಸೀರಿ ಹೋಗ್ಯಾವು, ಶಾಲು ಬಂದಾವು, ಹೊಟ್ಟಿ ಬಂದೈತಿ. ಏನ ಕೆಟ್ಟೈತಿ ನಿಮಗ? ನನಗೂ ಒಂದು ಕರೇ ಲೇಬಲ್ ಹಚ್ಚಿ ಒಳಗ ಮುಚ್ಚಿಡ್ರಿ. ಹಚ್ರಿ!'

ಇವರು 'ಖರೇನ?' ಅಂದ್ರು. ಹೆಂಡತಿ ಎದಿ ಒಡದು ನಿಂತಾಳ, ಈ ಗಂಡಸಿಗೆ ತಿಥಿ ಖರೇನೋ ಸುಳ್ಳೋ ಅನ್ನೂ ಚಿಂತಿ. ಹದಿನಾಲ್ಕು ವರ್ಷ ಇವರ ಮ್ಯಾಲೆ ಸಿಟ್ಟಾಗೇನಿ, ಜಗಳಾಡೇನಿ. ಹೇಸಿಗಿ ಬಂದದ್ದು ಮಾತ್ರ ಅವತ್ತ ಮೊದಲ.

'ಆ ಅಮಾಸಿ ಮಾತ ಅಳಸ್ರಿ,' ಅಂದೆ. 'ಇನ್ನ ಮುಂದ ನನ್ನ ಅರ್ಜಿಗೆ ನನ್ನ ಇಮೇಲ್ ಇರ್ತೈತಿ, ನನ್ನ ನಂಬರ್ ಇರ್ತೈತಿ. ಆದ್ರೂ ಅದನ್ನ ಅಳಸ್ರಿ. ನನ್ನ ಕಣ್ಣ ಮುಂದ, ನಿಮ್ಮ ಕೈಲೆ.'

ಆ ಕರೇ ಲೇಬಲ್ ಒತ್ತಿ ಫೋನ್ ಇವರ ಮುಂದ ಹಿಡದೆ. ಅದು ಕೇಳಾಕತ್ತಿತ್ತು, ಈ ನಿಯಮ ತೆಗೆಯಬೇಕೇ ಅಂತ. ಇವರು ಬೆರಳ ಎತ್ತಿದ್ರು. ಬೆರಳು ಅಲ್ಲೇ ನಿಂತಿತು. ಕಣ್ಣು ಮಾತ್ರ ಸಾವಕಾಶ ಗ್ವಾಡಿ ಕಡೆ ಹೋತು, ಕ್ಯಾಲೆಂಡರ್ ಕಡೆ. ಇವತ್ತ ದಿನಾ ಹೆಂಗೈತಿ, ಒತ್ತಬಹುದೋ ಇಲ್ಲೋ ಅಂತ ನೋಡಾಕತ್ತಿದ್ರು.

ಥೂ! ಆ ಬೆರಳ ಹಿಡದು ನಾನ ಒತ್ತಿದೆ. ಗಾಜಿನ ಮ್ಯಾಲೆ ಜೋಳದ ಹಿಟ್ಟು ಹತ್ತಿತು.

ಕರೇ ಲೇಬಲ್ ಹೋತು. ಆ ಮೇಲು ಪುಟದ ತಳದಾಗಿಂದ ಎದ್ದು ಎಲ್ಲಾದಕ್ಕಿಂತ ಮ್ಯಾಲೆ ಬಂದು ಕುಂತಿತು, ಕೆಂಪಗ. ಫೋನು ಆ ಹೆಣ್ಣ ದನೀಲೆ, ಇಡೀ ಅಂಗಡಿಗೆ ಕೇಳೂವಂಗ ಹೇಳಿತು, 'ಸಾಹುಕಾರ್ರ, ಕೂಸು ಬಂದೈತಿ.'

ರಬಕವಿ ವ್ಯಾಪಾರಿ ಗಿರಮಲ್ಲಪ್ಪ ಅದ ಆಗ ಪಾವಟಿಗಿ ಹತ್ತಿ, ಚಪ್ಪಲಿ ಬಿಡಾಕತ್ತಿದ್ದ. ಅವಗ ಅದೊಂದ ಮಾತು ಕೇಳಿಸಿತ್ತು. ಮಾರಿ ತುಂಬ ನಕ್ಕೊಂತ ಒಳಗ ಬಂದ. 'ಖರೇನ್ರೀ ಸಾಹುಕಾರ್ರ? ಕೂಸು ಬಂತೇನು? ಎಷ್ಟ ವರ್ಷದ ಮ್ಯಾಲ್ರೀ! ಪೇಡೆ ತರಸ್ರಿ ಮತ್ತ!'

ಇವರು ನನ್ನ ಮಾರಿ ನೋಡಿದ್ರು.

'ಹೇಳ್ರಿ ಅವರಿಗೆ,' ಅಂದೆ. 'ಊರಿಗೆಲ್ಲಾ ಹೇಳಾವ್ರು, ಯಾಕ ಸುಮ್ಮನಾದ್ರಿ? ಕೂಸು ಏನಾತು ಅಂತ ಹೇಳ್ರಿ.'